ದೊಡ್ಡವ್ವನ ಎದೆಗೆ ಜ್ವರದ ಗುಳಿಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ಧಾರವಾಡದಿಂದ ಎಂ.ಎ. ಪದವಿಯೊಡನೆ ಇಳಕಲ್ಲಿಗೆ ಮರಳಿದಾಗ, ಅಧಿಕಾರಸ್ಥರನ್ನು ಪ್ರಶ್ನಿಸಬಲ್ಲವನು ನಾನೊಬ್ಬನೇ ಎಂಬುದರಲ್ಲಿ ನನಗೆ ಲೇಶಮಾತ್ರವೂ ಸಂಶಯವಿರಲಿಲ್ಲ. ಪ್ರಶ್ನೆಯೊಂದು ಬೇಕಾಗಿತ್ತು, ಅಷ್ಟೆ. ಅದು ದೊಡ್ಡವ್ವನ ಗುಳಿಗೆ ಡಬ್ಬಿಯಲ್ಲಿ ಸಿಕ್ಕಿತು!

ಸೀರೆ ನೇಯುವ ದೊಡ್ಡವ್ವನ ಎದೆಬಡಿತ ಆಗಾಗ ತಾಳ ತಪ್ಪಿ ಓಡುತ್ತಿತ್ತು. ಬಾಗಲಕೋಟೆಯ ಡಾಕ್ಟರು ಕ್ವಿನಿಡಿನ್ ಎಂಬ ಗುಳಿಗೆ ಬರೆದುಕೊಟ್ಟಿದ್ದರು. ವಾಚನಾಲಯದ ವಿಶ್ವಕೋಶ ತೆರೆದೆ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಯಾವ ಮರದ ತೊಗಟೆಯಿಂದ ಬರುತ್ತದೋ, ಇದೂ ಅದೇ ಮರದ್ದು! ಮುಂದಿನ ಸಾಲು ಓದುವ ವ್ಯವಧಾನ ಕ್ರಾಂತಿಕಾರಿಗಳಿಗೆ ಇರುವುದಿಲ್ಲ. ಉಳಿದುಹೋದ ಜ್ವರದ ಔಷಧವನ್ನು ಬಡ ನೇಕಾರರ ಹೃದಯಕ್ಕೆ ಸುರಿಯುವ ಸಂಚು ಬಯಲಾಗಿತ್ತು. ಜಿಲ್ಲಾಧಿಕಾರಿಗೆ ಮೂರು ಪುಟದ ಮನವಿಪತ್ರ ಬರೆದು, ಸಾಕ್ಷ್ಯವೆಂದು ಗುಳಿಗೆಗಳನ್ನೂ ಅದೇ ಲಕೋಟೆಯಲ್ಲಿಟ್ಟು ಜೇಬಿಗೆ ಸೇರಿಸಿದೆ.

“ಯಪ್ಪಾ, ಅವನ್ನ ತಗೊಂಡ ಮ್ಯಾಲೆ ಎದಿ ಸುಮ್ಮನೈತೋ,” ಎಂದಳು ದೊಡ್ಡವ್ವ.

“ಶೋಷಣಿ ಮಂದೀನ್ನ ಹಿಂಗ ಸುಮ್ಮನ ಇರಸ್ತೈತಿ, ದೊಡ್ಡವ್ವ!”

ನಾನು ಓಣಿಯಲ್ಲಿ ಮನವಿಗೆ ಸಹಿ ಸಂಗ್ರಹಿಸುತ್ತಿದ್ದ ಮೂರನೆಯ ದಿನ ಆಕೆ ಮಗ್ಗದ ಬಳಿಯೇ ಕುಸಿದು ಕುಳಿತಳು. ಓಡಿಬಂದೆ. ಮಗ್ಗದಲ್ಲಿ ಎಳೆ ಹರಿದರೆ ಸದ್ದಿನಿಂದಲೇ ತಿಳಿಯುತ್ತಿದ್ದ ದೊಡ್ಡಪ್ಪ ಆಕೆಯ ಮಣಿಕಟ್ಟು ಹಿಡಿದಿದ್ದ.

“ನಾಡಿಯ ಲಾಳಿ ಹಾದಿ ತಪ್ಪೈತಿ! ಗುಳಿಗಿ ಎಲ್ಲಿ ಅದಾವಲೇ?”

“ಲಕೋಟಿದಾಗ... ಸಾಕ್ಷ್ಯ...”

“ನಿನ್ನ ಸಾಕ್ಷ್ಯಕ್ಕಿಷ್ಟು! ಡಾಕ್ಟರ್‍ನ ಕೇಳದ ಈಗ ಕೊಡಾಕ ಬರಂಗಿಲ್ಲ. ಜೀಪ್ ತಾ, ಓಡು!”

ಬಾಗಲಕೋಟೆಯ ದವಾಖಾನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ದೊಡ್ಡವ್ವನ ನಾಡಿ ಹಾದಿಗೆ ಬಂತು. ನಾನು ಗುಳಿಗೆ ತಪ್ಪಿಸಿದ ಕಾರಣವನ್ನು ದೊಡ್ಡಪ್ಪನಿಂದ ಕೇಳಿ ಡಾಕ್ಟರು ನನ್ನತ್ತ ತಿರುಗಿದರು.

“ಎದಿಯ ಕಣಕಣಕ್ಕೂ ಸಣ್ಣ ಸಣ್ಣ ಬಾಗಲಾ ಇರ್ತಾವ್ರಿ. ಉಪ್ಪಿನ ಅಂಶ ಅದರಾಗ ಒಳಗ ನುಗ್ಗಿದಾಗ ಬಡಿತ ಹುಟ್ಟತೈತಿ. ಇವರಿಗೆ ಹೊತ್ತಲ್ಲದ ಹೊತ್ತಿನ್ಯಾಗ ಹುಟ್ಟತೈತಿ. ಆ ನುಗ್ಗಾಟ ತಡಿಯಾಕ ಈ ಗುಳಿಗಿ. ಜ್ವರದ ಔಷಧಕ್ಕ ಇದು ಒಡಹುಟ್ಟಿದ ತಮ್ಮ ಖರೆ, ಆದ್ರ ಕೆಲಸ ಬ್ಯಾರೆ. ಎಲ್ಲಿ, ಉಳಿದವು ಕೊಡ್ರಿ.”

ಲಕೋಟೆ ಕೊಡಲೇಬೇಕಾಯಿತು. ಗುಳಿಗೆಗಳ ಜೊತೆಗೆ ಮೂರು ಪುಟಗಳೂ ಹೊರಬಂದವು! ಡಾಕ್ಟರು ಕನ್ನಡಕ ಏರಿಸಿ, ಒಂದಕ್ಷರವನ್ನೂ ಬಿಡದೆ ಶಾಂತವಾಗಿ ಓದಿದರು.

“ಬರವಣಿಗಿ ಛಲೋ ಐತ್ರಿ. ಕಡೀ ಸಾಲಂತೂ ನಾನೂ ಒಪ್ಪತೇನಿ: ‘ತಪ್ಪಿತಸ್ಥರು ರೋಗಿಯ ಎದುರು ನಿಂತು ಉತ್ತರಿಸತಕ್ಕದ್ದು.’ ಹೂಂ, ನಿಂದರ್ರಿ.”

ನಿಂತೆ. ಎಂ.ಎ.ಯ ಯಾವ ಪತ್ರಿಕೆಯಲ್ಲಿಯೂ ಇಂಥ ಪ್ರಶ್ನೆ ಬಂದಿರಲಿಲ್ಲ. ಮಂಚದ ಮೇಲಿಂದ ದೊಡ್ಡವ್ವ ನನ್ನ ಅಂಗಿಯ ತುದಿ ಹಿಡಿದೆಳೆದಳು.

“ಕೂಡಪಾ, ಕಾಲು ನೋಯ್ತಾವು. ಹೆಂಗೂ ನಿನಗ ಉತ್ತರ ಬರಂಗಿಲ್ಲ.”