ಅಂಗಾಲು ತೋರಿಸಿ, ಒಳಗೆ ಬನ್ನಿ

ನನ್ನ ಗಂಡನ ಅಕ್ಕನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಬೂಟಿನ ಅಡಿ ಮಾತ್ರ ಮರೆಯುವುದಿಲ್ಲ! ನಮ್ಮ ಜೊತೆಗೇ ಇರುವ ಮೈಸೂರಿನ ಅತ್ತಿಗೆ, ಈ ಚಳಿ ದೇಶದ ಎಟೋಬಿಕೋದ ಒಂದು ಕಂಪನಿಯಲ್ಲಿ, ಕಾರ್ಮಿಕರ ಸೇಫ್ಟಿ ಬೂಟುಗಳು ಜಾರುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವ ಎಂಜಿನಿಯರ್. ಕೆಲಸವನ್ನು ಆಫೀಸಿನಲ್ಲೇ ಬಿಟ್ಟು ಬರುವ ಜಾಯಮಾನ ಅವರದಲ್ಲ. ನಮ್ಮ ಮನೆಗೆ ಬಂದವರು ಲಾಳ ಹೊಡೆಸಿಕೊಳ್ಳುವ ಕುದುರೆಯ ಹಾಗೆ ಕಾಲು ಹಿಂದಕ್ಕೆ ಮಡಚಿ ನಿಲ್ಲಬೇಕು!

ಒಮ್ಮೆ ಯೂನಿಯನ್‌ವಿಲ್‌ನಿಂದ ದಂಪತಿಗಳು ಗೃಹಪ್ರವೇಶಕ್ಕೆ ಕರೆಯಲು ಬಂದರು.

"ಖಂಡಿತ ಬರ್ತೀನಿ. ಆದ್ರೆ ಈ ಬೂಟಿನ ಸೋಲ್ ನಂಬ್ಕೊಂಡು ನೀವು ಪಾರ್ಕಿಂಗ್ ಲಾಟ್ ದಾಟೋದೇ ಡೌಟು!" ಎಂದರು ಅತ್ತಿಗೆ.

"ಒಳ್ಳೇ ಗೆರೆ ಇದ್ಯಲ್ಲ ಮೇಡಂ..." ಯಜಮಾನರು ಗೊಣಗಿದರು.

"ಗೆರೆ ನೋಡಿ ಮರುಳಾಗ್ಬೇಡಿ. ರಬ್ಬರ್ ಮೆತ್ತಗಿರ್ಬೇಕು. ಇದು ಚಳಿಗೆ ಪ್ಲಾಸ್ಟಿಕ್ ತಟ್ಟೆ ಆಗುತ್ತೆ ಅಷ್ಟೇ."

ಇಂಥವರನ್ನು ಕಂಪನಿ ಹೇಗೆ ಸಹಿಸಿತು ಅಂತೀರಾ? ಸಹಿಸಲಿಲ್ಲ! ಹೋದ ವರ್ಷ ಹೋಟೆಲ್ ಅಡುಗೆಯವರಿಗೆಂದು ಹೊಸ ಬೂಟು ತಯಾರಾಯಿತು. ಒಣ ನೆಲದ ಮೇಲೆ ಪಾಸು, ಎಣ್ಣೆ ಚೆಲ್ಲಿದ ಟೈಲಿನ ಮೇಲೆ ಫೇಲು. ಮ್ಯಾನೇಜರ್ "ಜಸ್ಟ್ ಸೈನ್ ಇಟ್" ಎಂದ. ಅತ್ತಿಗೆ ಪೆನ್ನು ಮುಟ್ಟಲಿಲ್ಲ. ಕೆಲಸ ಹೋದೀತು ಎಂಬ ಸುಳಿವು ಬಂತು. ಹೆದರಿದರೇ? ಮರುದಿನ ಮೀಟಿಂಗ್ ರೂಮಿಗೆ ಟೈಲು ಹೊತ್ತುಕೊಂಡು ಹೋಗಿ, ಅದರ ಮೇಲೆ ಧಾರಾಳವಾಗಿ ಅಡುಗೆ ಎಣ್ಣೆ ಸುರಿದು, ಆ ಬೂಟನ್ನು ಅವನ ಮುಂದಿಟ್ಟರು.

"ನಾನೇನಂದೆ ಗೊತ್ತಾ? ಇದನ್ನ ಹಾಕ್ಕೊಂಡು, ಕುದಿಯೋ ಸೂಪ್ ಪಾತ್ರೆ ಹಿಡ್ಕೊಂಡು ನಡೀರಿ, ಈಗ್ಲೇ ಸೈನ್ ಮಾಡ್ತೀನಿ ಅಂದೆ!"

ಮ್ಯಾನೇಜರ್ ಟೇಬಲ್ ಬಿಗಿಯಾಗಿ ಹಿಡಿದುಕೊಂಡು ಕುಳಿತೇ ಇದ್ದನಂತೆ. ಬೂಟಿನ ಸೋಲ್ ಬದಲಾಯಿತು. ಜಾರಿದ್ದು ಅತ್ತಿಗೆಯ ಬಡ್ತಿ ಒಂದೇ.

"ಹೋದ್ರೆ ಹೋಗ್ಲಿ ಬಿಡೇ. ಯಾರೂ ಬೀಳ್ಲಿಲ್ವಲ್ಲ!"

ಈ ಚಳಿಗಾಲದಲ್ಲಿ ನಾನು ತುಂಬು ಗರ್ಭಿಣಿ. ಒಂದು ಬೆಳಿಗ್ಗೆ ನೋವು ಶುರುವಾಯಿತು. ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ಮನೆ ಮುಂದಿನ ಡ್ರೈವ್‌ವೇ ಕನ್ನಡಿಯಾಗಿತ್ತು. ನನ್ನವರು ಬಿದ್ದು ಎದ್ದು ಹೇಗೋ ಕಾರು ಸೇರಿದರು. ಊದಿದ ನನ್ನ ಪಾದಕ್ಕೆ ನನ್ನ ಬೂಟೇ ಹತ್ತಲಿಲ್ಲ. ಅತ್ತಿಗೆ ಮಂಡಿಯೂರಿ ತಮ್ಮ ದೊಡ್ಡಳತೆಯ ಬೂಟು ತೊಡಿಸಿ, ಲೇಸು ಕಟ್ಟಿದರು. ನನ್ನ ಸೊಂಟ ಬಳಸಿ ಹಿಡಿದು ಮಂಜುಗಡ್ಡೆಗೇ ಸವಾಲು ಹಾಕಿದರು: "ಬೀಳ್ಸು, ನೋಡೇಬಿಡೋಣ!"

ಒಂದು ಸಲವೂ ಕಾಲು ಜಾರಲಿಲ್ಲ. ಸೀಟಿನಲ್ಲಿ ಕುಳಿತ ಮೇಲಷ್ಟೇ ನಾನು ಕೆಳಗೆ ನೋಡಿದ್ದು. ಅತ್ತಿಗೆ ಆ ಮಂಜುಗಡ್ಡೆಯ ಮೇಲೆ ಬರೀ ಕಾಲುಚೀಲದಲ್ಲಿ ನಿಂತಿದ್ದರು.

"ಅಯ್ಯೋ ಅತ್ತಿಗೆ, ನಿಮ್ ಕಾಲು!"

"ನೀನು ಕಾಲು ಒಳಗಿಟ್ಕೋ," ಎಂದು ಅವರು ಗದರಿದರು. "ಚಳಿ ಆಗುತ್ತೆ."