ಬಹಳ ಕಾಡಿದ ಸಿನಿಮಾ

ಕನ್ನಡಿಗರಿಗೆ ಅಭಿರುಚಿ ಕಲಿಸುತ್ತೇನೆಂದು ಆಸ್ಟ್ರೇಲಿಯಾದಲ್ಲಿ ಹೊರಟವನಿಗೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗುತ್ತಲೇ ಇದೆ.

ಹೀರೋ ಯಾರು?

ಮೆಲ್ಬರ್ನ್, ಸಿಡ್ನಿ ಎರಡೂ ಕಡೆಯವರಿರುವ ನಮ್ಮ ಸಿನಿಮಾ ಕೂಟಕ್ಕೆ ಚಿತ್ರ ಆರಿಸುವ ಅಧಿಕಾರ ನನ್ನದು. ಈ ಸಲ ಐರ್ಲೆಂಡಿನ ಪ್ರಯೋಗಾತ್ಮಕ ಚಿತ್ರ. ಕಥೆಯಿಲ್ಲ, ಮಾತಿಲ್ಲ. ಗುಡ್ಡ, ಮಂಜು, ಒಂದು ಹಸು.

ಬೆಂಗಳೂರಿನವರಾದ ಕಾರ್ಯದರ್ಶಿಗಳು ಮೊದಲೇ ಎಚ್ಚರಿಸಿದ್ದರು. "ಇದೂ ಜನಕ್ಕೆ ಹಿಡಿಸ್ಲಿಲ್ಲ ಅಂದ್ರೆ ಸೆಲೆಕ್ಷನ್ ನಿಮ್ ಕೈ ಬಿಟ್ಟೋಯ್ತು ಸಾರ್. ಆಮೇಲೆ ಬರೀ ಫೈಟಿಂಗ್ ಪಿಕ್ಚರ್ರೇ."

ಹೆದರಿಕೆಯಾಯಿತು. ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಮುಂಚಿತವಾಗಿಯೇ ವಿಮರ್ಶೆ ಹಾಕಿದೆ: "ಇಲ್ಲಿ ಮಂಜೇ ನಾಯಕ. ಬಹಳ ಕಾಡುವ ಚಿತ್ರ."

ತಕ್ಷಣ ಕಾರ್ಯದರ್ಶಿಗಳ ಫೋನ್. "ಹೀರೋ ನಮ್ಮವ್ನಾ ಸಾರ್? ಯಾವ ಮಂಜು? ಮಂಡ್ಯ ಕಡೆಯವ್ನಾ?"

ಮೆಲ್ಬರ್ನ್ ಪ್ರದರ್ಶನ

ಗ್ಲೆನ್ ವೇವರ್ಲಿಯಲ್ಲಿರುವ ಕಾರ್ಯದರ್ಶಿಗಳ ಮನೆಯಲ್ಲಿ ಮಂಜು ಶುರುವಾಯಿತು. ಮುಗಿಯಲಿಲ್ಲ. ಅವರು ಎದ್ದು ಟಿವಿಯನ್ನು ಬಟ್ಟೆಯಿಂದ ಒರೆಸಿದರು. ಬ್ರೈಟ್‌ನೆಸ್ ಹೆಚ್ಚಿಸಿದರು. ಮತ್ತೆ ಒರೆಸಿದರು.

"ಅದು ಕಲೆ" ಎಂದೆ.

"ಅದಕ್ಕೇ ಸಾರ್ ಒರೆಸ್ತಿರೋದು. ಹೋಗ್ತಾನೇ ಇಲ್ಲ ಕಲೆ."

ಸಿಡ್ನಿ ಪ್ರದರ್ಶನ

ಕೊನೆಯ ಆಸೆ ಸಿಡ್ನಿಯ ಗಿರಾವೀನ್ ಬಡಾವಣೆ. ಅಲ್ಲಿ ಹುಬ್ಬಳ್ಳಿಯ ಡಾಕ್ಟರ್ ಆಂಟಿಯ ಮನೆಯಲ್ಲಿ ಪ್ರದರ್ಶನ. ನನ್ನ ಹಿಂದೆಯೇ ಕಾರ್ಯದರ್ಶಿಗಳೂ ವಿಮಾನ ಹತ್ತಿ ಬಂದರು, ತೀರ್ಪು ಕೇಳಲು. ಆಗ ಸಿಡ್ನಿಗೆ ಬಂದಿದ್ದ ಚಿತ್ರದ ನಿರ್ದೇಶಕನೂ, ನಾನು ಕರೆದದ್ದೇ ತಡ, ಹಾಜರು. ಅವನನ್ನು ಬೇರೆ ಯಾರೂ ಕರೆದಿರಲಿಲ್ಲವೆಂದು ಕಾಣುತ್ತದೆ.

ಚಿತ್ರ ಮುಗಿಯಿತು. ಆತ ಆಂಟಿಯನ್ನೇ ಕೇಳಿದ, ಹೇಗಿತ್ತು ಅಂತ. ಆಂಟಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೆ ಮನೆಗೆ ಬಂದವನ ಮನಸ್ಸು ನೋಯಬಾರದೆಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನೀ ಗ್ರೂಪಿನ್ಯಾಗ ಬರೆದದ್ದು ಖರೇ ಅದ ನೋಡಪಾ. ಭಾಳ ಕಾಡಿತು. ಎರಡು ತಾಸು ಬಿಡದs ಕಾಡಿತು."

ನಾನು ಅನುವಾದಿಸಿದೆ: "ಹಾಂಟಿಂಗ್, ಅಂತಿದಾರೆ."

ನಿರ್ದೇಶಕನ ಕಣ್ಣು ತುಂಬಿತು. ತನ್ನ ದೇಶದಲ್ಲೇ ಯಾರೂ ಹೀಗೆ ಅರ್ಥ ಮಾಡಿಕೊಂಡಿಲ್ಲವಂತೆ. ಆಂಟಿಯ ಕೈ ಹಿಡಿದು, ಐದು ಗಂಟೆಯ ಹೊಸ ಚಿತ್ರವನ್ನು ಮೊದಲು ಇದೇ ಮನೆಯ ಹಾಲ್‌ನಲ್ಲಿ ತೋರಿಸುತ್ತೇನೆ ಎಂದು ಮಾತು ಕೊಟ್ಟ. ಇಂಥ ಗೌರವ ಬಂದ ಮೇಲೆ ಫೈಟಿಂಗ್ ಪಿಕ್ಚರ್ ಹಾಕುವುದು ಹೇಗೆಂದು ಕಾರ್ಯದರ್ಶಿಗಳ ಮುಖ ಸಣ್ಣದಾಯಿತು. ನನ್ನ ಅಧಿಕಾರ ಉಳಿಯಿತು!

ಆಂಟಿ ಅವನತ್ತ ನಗುತ್ತಲೇ ನನ್ನ ಕೈಯಿಂದ ಗಿರ್ಮಿಟ್ ತಟ್ಟೆ ಕಿತ್ತುಕೊಂಡರು.

"ಸಿನಿಮಾ ಹೋಗ್ಲಿ, ಮಂಜಿನಂಗ ಕರಗತದ. ನೀ ಇನ್ನೂ ಎಷ್ಟು ವರ್ಷ ಕಾಡಾಂವ ಇದ್ದೀಪಾ?"