ಸತ್ವಾದ ಅಂಗಿಗಳೂ ನಮ್ಮ ಭಾವನ ಡಾಕ್ಟರೇಟೂ

ಅಸಮಾನತೆಯ ಮೇಲೆ ಸಂಶೋಧನೆ ಮಾಡಿ ಬೀರು ತುಂಬ ಅಂಗಿ ಸಂಪಾದಿಸಿದವರು ಪ್ರಪಂಚದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ! ಭಾವ ಅಂದರೆ ನನ್ನ ಗಂಡನ ಅಣ್ಣ. ಉಡುಪಿಯಲ್ಲಿ ಕಾನೂನು ಮೇಷ್ಟ್ರು. ತೊಂಬತ್ತರ ದಶಕದ ಕೊನೆಯಲ್ಲಿ ಕಾನೂನು, ಕೂಲಿ, ಅಸಮಾನತೆ ಎಂದೇನೋ ಒಂದು ಪಿಎಚ್.ಡಿ. ಹಿಡಿದುಕೊಂಡು, ವಿಸಿಟ್ ವೀಸಾದಲ್ಲಿ ಗಲ್ಫಿಗೆ ಹಾರಿ ಅಲ್ ಮುರಕ್ಕಬಾತ್‌ನ ನಮ್ಮ ಫ್ಲ್ಯಾಟಿಗೆ ಬಂದಿಳಿದರು.

ಹಾಲಿನ ಸೋಫಾವೇ ಅವರ ವಿಶ್ವವಿದ್ಯಾಲಯ. "ಹೆಂಗಸರ ಮನೆಗೆಲಸಕ್ಕೆ ಕೂಲಿಯೇ ಇಲ್ಲ ನೋಡು. ಘೋರ ಅನ್ಯಾಯ! ನನ್ನ ಎರಡನೇ ಅಧ್ಯಾಯ ಪೂರ್ತಿ ಅದೇ" ಎನ್ನುತ್ತ, ನಾನು ಅಡಿಯಲ್ಲಿ ಗುಡಿಸಲೆಂದು ಎರಡೂ ಕಾಲು ಮೇಲೆತ್ತಿ ಕೂರುತ್ತಿದ್ದರು. ಆ ಅಧ್ಯಾಯ ಮುಗಿಯುವಷ್ಟರಲ್ಲಿ ನನ್ನ ಕೈಯಿಂದ ಎಷ್ಟು ಚಹಾ ಮಾಡಿಸಿಕೊಂಡರೋ ದೇವರೇ ಬಲ್ಲ!

ಮುಂದಿನ ಅಧ್ಯಾಯಕ್ಕೆ ಜನ ಬೇಕಿತ್ತು. ಅಲ್ಲೇ ಸತ್ವಾ ಪೇಟೆಯ ಹೊಲಿಗೆ ಅಂಗಡಿಗಳಿಗೆ ಹೊರಟರು. "ಸಮಾನತೆಯ ಬಗ್ಗೆ ನಿಮ್ಮ ಅಭಿಪ್ರಾಯ?" ಎಂದರೆ ಯಾವ ಟೈಲರ್ ಕತ್ತರಿ ಕೆಳಗಿಡುತ್ತಾನೆ? ಗಿರಾಕಿಯಾದರೆ ಅಳತೆ ತೆಗೆಯುವಷ್ಟು ಹೊತ್ತಾದರೂ ಮಾತಾಡಬಹುದಲ್ಲ! ಹಾಗೆ ಭಾವ ಹೋದ ಅಂಗಡಿಯಲ್ಲೆಲ್ಲ ಒಂದೊಂದು ಅಂಗಿ ಹೊಲಿಯಲು ಕೊಟ್ಟರು.

"ಇವತ್ತೇನು ಸಿಕ್ಕಿತು ಭಾವ?"

"ನನ್ನ ಎಡಭುಜ ಸ್ವಲ್ಪ ಕೆಳಗುಂಟಂತೆ ಮಾರಾಯ್ತಿ."

ಅಂತೂ ಅಸಮಾನತೆ ಪತ್ತೆಯಾಯಿತು!

ಕೊನೆಗೊಬ್ಬ ಬಾಯಿ ಬಿಟ್ಟ. ಕುಂದಾಪುರದ ಕಡೆಯವನು. ಪಾಸ್‌ಪೋರ್ಟು ಧಣಿಯ ಕಪಾಟಿನಲ್ಲಿ. ಅಪ್ಪ ತೀರಿಕೊಂಡಾಗ ಎಷ್ಟು ಬೇಡಿದರೂ ಕೊಡಲಿಲ್ಲ. ಈದ್ ಹಬ್ಬದ ಬಟ್ಟೆ ರಾಶಿ ಬಿದ್ದಿತ್ತಂತೆ.

ಆ ದಿನ ಭಾವ ಕುಣಿಯುವುದೊಂದು ಬಾಕಿ. "ಸಿಕ್ಕಿತು! ಇದೇ ನನ್ನ ಪ್ರಬಂಧದ ಜೀವ!"

ನನಗೆ ಮೈಯೆಲ್ಲ ಉರಿಯಿತು. "ಅವನಿಗೆ ಅಪ್ಪ ಹೋದ, ನಿಮಗೆ ಅಧ್ಯಾಯ ಬಂತು. ಚೆನ್ನಾಗಿದೆ!" ಎಂದೆ. ಅವರಿಗೆ ಕೇಳಿಸಿದರೆ ತಾನೇ!

ಊರಿಗೆ ಹೊರಡುವ ಮುನ್ನ ಅವನಲ್ಲಿ ಕೊಟ್ಟಿದ್ದ ಅಂಗಿ ತರಲು ಹೋದರು. ಜೊತೆಗೆ ನಾನೂ ಇದ್ದೆ. ಅವನು ದನಿ ತಗ್ಗಿಸಿ ಕೇಳಿದ: "ಸರ್, ನೀವು ಬರ್ದದ್ದನ್ನು ನಮ್ಮ ಧಣಿ ಓದಿದ್ರೆ?"

ಭಾವ ಗಹಗಹಿಸಿ ನಕ್ಕರು. "ಪಿಎಚ್.ಡಿ. ಪ್ರಬಂಧ ಯಾರೂ ಓದುದಿಲ್ಲ ಮಾರಾಯ! ಬರೆದವನೇ ಓದುದಿಲ್ಲ!"

ಅವನು ನಗಲಿಲ್ಲ. ತಲೆ ತಗ್ಗಿಸಿ ಗುಂಡಿ ಹಾಕುತ್ತಲೇ ಇದ್ದ.

ಎರಡು ವರ್ಷ ಬಿಟ್ಟು ರಜೆಗೆ ಊರಿಗೆ ಹೋದಾಗ "ಏನು ಡಾಕ್ಟ್ರೇ!" ಎಂದು ಕೆಣಕಿದೆ. ಭಾವ ಇಲ್ಲವೆಂದು ತಲೆಯಾಡಿಸಿದರು. ಆ ಟೈಲರನ ಅಧ್ಯಾಯವನ್ನೇ ಕಿತ್ತು ಹಾಕಿದ್ದರಂತೆ. ಅದಿಲ್ಲದೆ ಪ್ರಬಂಧ ಒಪ್ಪುವುದಿಲ್ಲ ಎಂದು ಗೈಡು ವಾಪಸ್ಸು ಕಳಿಸಿದ್ದರಂತೆ.

"ಹೆಸರು ಬದಲಿಸಿದ್ರೆ ಆಗ್ತಿತ್ತಲ್ಲ ಭಾವ?"

"ಅಪ್ಪ ಸತ್ತದ್ದಕ್ಕೂ ಊರಿಗೆ ಬರ್ಲಿಕ್ಕಾಗದವ ಆ ಅಂಗಡಿಯಲ್ಲಿ ಅವನೊಬ್ಬನೇ. ಧಣಿಗೆ ಗುರುತು ಸಿಗ್ಲಿಕ್ಕೆ ಹೆಸರು ಯಾಕೆ ಬೇಕು?"

"ಯಾರೂ ಓದುದಿಲ್ಲ ಅಂದಿದ್ರಿ!"

"ಓದಿದ್ರೆ?"

ಅಷ್ಟು ವರ್ಷದ ಡಾಕ್ಟರೇಟಿನ ಆಸೆಯನ್ನು ಅವರು ಅಷ್ಟಕ್ಕೇ ಬಿಟ್ಟುಕೊಟ್ಟಿದ್ದರು. ಬೀರು ತುಂಬ ಅಂಗಿಯಿದ್ದರೂ ತೊಟ್ಟಿದ್ದು ಆ ಟೈಲರ್ ಹೊಲಿದದ್ದನ್ನೇ. ಕಾಲರ್ ಸವೆದು ಹೋಗಿತ್ತು.

"ಅಂಗಿ ಬಿಚ್ಚಿಕೊಡಿ ಭಾವ, ಕಾಲರ್ ತಿರುಗಿಸಿ ಹೊಲಿದು ಕೊಡ್ತೇನೆ" ಎಂದೆ.

"ಕೂಲಿ ಎಷ್ಟು?" ಎಂದು ಕೇಳಿದರು ಭಾವ, ಜೀವಮಾನದಲ್ಲಿ ಮೊದಲ ಸಲ.